ತಾರಸಿಯ ಕೀರ್ತಿ, ನಲ್ಲಿಯ ತಣ್ಣೀರು

ಬೆಂಗಳೂರು ಸೋಲಾರ್ ಬಿಸಿನೀರಿನ ರಾಜಧಾನಿ ಎಂದು ಹೊಗಳುವವರೆಲ್ಲ ತೋರಿಸುವ ಸಾಕ್ಷಿ ಒಂದೇ, ತಾರಸಿಗಳ ಫೋಟೊ. ಮಲ್ಲೇಶ್ವರದ ಯಾವುದಾದರೂ ಎತ್ತರದ ಕಟ್ಟಡ ಹತ್ತಿ ನೋಡಿ: ದಕ್ಷಿಣಕ್ಕೆ ಮುಖಮಾಡಿದ ಕಪ್ಪು ಫಲಕಗಳು, ಅವುಗಳ ನೆತ್ತಿಯ ಮೇಲೆ ಅಡ್ಡ ಮಲಗಿದ ಟ್ಯಾಂಕುಗಳು. 2007ರಲ್ಲಿ ಸರ್ಕಾರ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿದ್ದು, ಬೆಸ್ಕಾಂ ಬಿಲ್ಲಿನಲ್ಲಿ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ಕತೆ. ಹೀಗೆ ಫಲಕ ಎಣಿಸಿ ಬಿರುದು ಕೊಟ್ಟವರು ಮೆಟ್ಟಿಲಿಳಿದು ಬಂದು, ಬೆಳಗಿನ 6 ಗಂಟೆಗೆ ಗ್ರೌಂಡ್ ಫ್ಲೋರಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿ ನೋಡಿದಂತಿಲ್ಲ. ನೋಡಿದ್ದರೆ ಬಿರುದು ಬಾಯಲ್ಲೇ ಉಳಿಯುತ್ತಿತ್ತು.

ಯಂತ್ರದಲ್ಲಿ ದೋಷವಿಲ್ಲ, ಅದು ಅಪ್ಪಟ ಜಾಣತನದ ಯಂತ್ರ. ಬಿಸಿಯಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣಗಿನದು ಕೆಳಗಿಳಿದು ಫಲಕ ಸೇರುತ್ತದೆ. ಪಂಪು ಬೇಡ, ಕರೆಂಟು ಬೇಡ. ಚಾಮರಾಜಪೇಟೆಯ ಒಂದಂತಸ್ತಿನ ಮನೆಯಲ್ಲಿ ಟ್ಯಾಂಕು ಹೆಚ್ಚುಕಡಿಮೆ ಬಚ್ಚಲ ನೆತ್ತಿಯ ಮೇಲೇ ಇರುತ್ತಿತ್ತು. ನಾಲ್ಕು ಚೊಂಬು ತಣ್ಣೀರು ಬರುವಷ್ಟರಲ್ಲಿ ಬಿಸಿ ಬಂತು. ಆಮೇಲೆ ಆ ಮನೆ ಬಿಲ್ಡರ್ ಕೈಗೆ ಹೋಗಿ ನಾಲ್ಕಂತಸ್ತು ಎದ್ದಾಗ, ಅದೇ ಏರ್ಪಾಟನ್ನು ಹಾಗೆಯೇ ಮೇಲಕ್ಕೆ ಸಾಗಿಸಿದರು. ಉದ್ದವಾದದ್ದು ಪೈಪು ಮಾತ್ರ. ಅದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಹಾಕಿ ನೋಡೋಣ. ಒಂದಿಂಚಿನ ಸಿ.ಪಿ.ವಿ.ಸಿ. ಪೈಪಿನ ಒಳಗೆ ಮೀಟರಿಗೆ ಸುಮಾರು 0.4 ಲೀಟರ್ ನೀರು ನಿಲ್ಲುತ್ತದೆ. ತಾರಸಿಯ ಅಡ್ಡದಾರಿಯನ್ನೂ ಸೇರಿಸಿ ಕೆಳಮನೆಗೆ 25 ಮೀಟರ್ ಎಂದರೆ 10 ಲೀಟರ್. ರಾತ್ರಿಯೆಲ್ಲ ತಣ್ಣಗಾದ ಪೈಪು ತಾನೂ ಬಿಸಿಯಾಗಬೇಕಲ್ಲ, ಆದ್ದರಿಂದ ಕೈಗೆ ಬಿಸಿ ತಾಗುವಷ್ಟರಲ್ಲಿ ಒಂದು ಬಕೆಟ್ ಮುಗಿದಿರುತ್ತದೆ. ಇದು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿ. ಬಿಸಿಯಿಲ್ಲ ಎಂಬ ಒಂದೇ ತಪ್ಪಿಗೆ ಮೋರಿಗೆ ಹೋಗುತ್ತದೆ.

ಚಳಿದೇಶಗಳ ಅಪಾರ್ಟ್‌ಮೆಂಟುಗಳಲ್ಲಿ ನೆಲದಡಿ ಬಿಸಿನೀರಿನ ಕೊಳವೆ ಸುತ್ತಿ ಕೋಣೆ ಬೆಚ್ಚಗಿಡುತ್ತಾರೆ. ಒಂದು ಕೋಣೆ ತಣ್ಣಗಾದರೆ ಅಲ್ಲಿನ ಕೆಲಸಗಾರ ಬಾಯ್ಲರಿನ ಜೊತೆಗೆ ಆ ಕೋಣೆಯ ಸುತ್ತನ್ನೂ ಪರೀಕ್ಷಿಸುತ್ತಾನೆ: ಗಾಳಿ ಸಿಕ್ಕಿದೆಯೆ, ಪಕ್ಕದ ಸುತ್ತು ನೀರನ್ನೆಲ್ಲ ಎಳೆದುಕೊಳ್ಳುತ್ತಿದೆಯೆ ಎಂದು. ನಮ್ಮಲ್ಲಿ ನೀರು ತಣ್ಣಗೆ ಬಂದರೆ ಎಲ್ಲರೂ ತಾರಸಿಗೇ ಓಡುತ್ತಾರೆ.

ಅಲ್ಲಿ ಪಂಡಿತರ ಜಗಳ ಕಾದಿರುತ್ತದೆ. ಪ್ಲೇಟು ಒಳ್ಳೆಯದೋ ಟ್ಯೂಬು ಒಳ್ಳೆಯದೋ? ಬೋರ್‌ವೆಲ್ಲಿನ ಗಡಸುನೀರಿಗೆ ಪ್ಲೇಟಿನ ತಾಮ್ರದ ಕೊಳವೆಗಳು ಸುಣ್ಣಗಟ್ಟಿ ಕಟ್ಟಿಕೊಳ್ಳುತ್ತವೆ ಎಂದು ಒಬ್ಬರು. ಒಂದು ಗಾಜಿನ ಟ್ಯೂಬು ಒಡೆದರೆ ಟ್ಯಾಂಕೇ ಬರಿದು ಎಂದು ಇನ್ನೊಬ್ಬರು. ಎರಡೂ ನಿಜ, ಎರಡೂ ಇಲ್ಲಿಗೆ ಸಲ್ಲದ್ದು. ಫಲಕ ಕೆಟ್ಟರೆ ಇಡೀ ಕಟ್ಟಡಕ್ಕೆ ತಣ್ಣೀರು ಬರಬೇಕು. ಮೂರನೇ ಮಹಡಿಯಲ್ಲಿ ಹೊಗೆಯಾಡುವ ನೀರು, ಕೆಳಗೆ ಉಗುರುಬೆಚ್ಚಗೂ ಇಲ್ಲ ಎಂದಾದರೆ ರೋಗ ನಡುದಾರಿಯಲ್ಲಿದೆ.

ಆ ರೋಗಗಳಲ್ಲಿ ಒಂದಂತೂ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಬಾಳುತ್ತದೆ. ಬಚ್ಚಲ ಮಿಕ್ಸರಿನಲ್ಲಿ ಬಿಸಿ ಮತ್ತು ತಣ್ಣೀರಿನ ಎರಡು ದಾರಿಗಳು ಕೂಡುತ್ತವೆ. ಎರಡು ಹಿಡಿಗಳನ್ನೂ ತೆರೆದಿಟ್ಟು, ಮುಂದೆ ಜೋಡಿಸಿದ ಹ್ಯಾಂಡ್ ಶವರಿನ ಗುಂಡಿಯಿಂದಷ್ಟೇ ನೀರು ನಿಲ್ಲಿಸಿದರೆ ಹೊರಗೆ ಒಂದು ಹನಿಯೂ ಬೀಳದು, ಆದರೆ ಒಳಗೆ ಎರಡು ಪೈಪುಗಳು ಒಂದಾಗಿರುತ್ತವೆ. ಮಾಮೂಲಿಗೆ ಇದರಿಂದ ದೊಡ್ಡ ಹಾನಿಯಿಲ್ಲ. ಆದರೆ ಮೇಲಿನ ಮನೆಯವರು ಶವರ್ ಜೋರಾಗಿ ಬರಲೆಂದು ತಣ್ಣೀರಿನ ಲೈನಿಗೆ ಪ್ರೆಷರ್ ಪಂಪು ಹಾಕಿಸಿದ್ದಾರೆ ಎನ್ನಿ. ಬಿಸಿನೀರು ಬರೀ ಗುರುತ್ವದಿಂದ ಇಳಿಯುವಂಥದ್ದು, ಒಂದು ಅಂತಸ್ತಿಗೆ ಹೆಚ್ಚೆಂದರೆ 0.3 ಬಾರ್ ಒತ್ತಡ. ಪಂಪಿನದು ಅದರ ಹಲವು ಪಟ್ಟು. ತಣ್ಣೀರು ಮಿಕ್ಸರಿನ ಮೂಲಕ ಬಿಸಿಯ ಪೈಪಿಗೆ ನುಗ್ಗುತ್ತದೆ, ಕೆಳಮನೆಯ ನಲ್ಲಿಗೆ ಅದೇ ಇಳಿಯುತ್ತದೆ. ಕೆಳಗಿನವರು ಸೋಲಾರ್ ಕಂಪನಿಗೆ ಫೋನು ಮಾಡುತ್ತಾರೆ. ಬಂದವನು ಟ್ಯಾಂಕು ಮುಟ್ಟಿ, ಬಿಸಿ ಇದೆಯಲ್ಲ ಸಾರ್ ಎಂದು ವಿಸಿಟಿಂಗ್ ಚಾರ್ಜ್ ತೆಗೆದುಕೊಂಡು ಹೋಗುತ್ತಾನೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಸೋಲಾರ್ ಟ್ಯಾಂಕಿಗೆ ತಣ್ಣೀರು ಬಿಡುವ ಗೇಟ್ ವಾಲ್ವ್ ಮುಚ್ಚಿ, ಪಂಪು ಚಾಲೂ ಇರಲಿ, ಒಂದು ಮನೆಯ ಬಿಸಿನಲ್ಲಿ ತೆರೆದಿಡಿ. ಟ್ಯಾಂಕಿನ ಮೇಲ್ಭಾಗದಲ್ಲಿ, ಪೈಪಿನಲ್ಲಿ ಉಳಿದದ್ದು ಸುರಿದ ಮೇಲೆ ಧಾರೆ ನಿಲ್ಲಬೇಕು. ನಿಲ್ಲದೆ ತಣ್ಣಗೆ ಸುರಿಯುತ್ತಲೇ ಇದ್ದರೆ ಎಲ್ಲೋ ಕಳ್ಳದಾರಿ ಇದೆ. ನಲ್ಲಿ ತೆರೆದಿಟ್ಟ ಮನೆಯದನ್ನು ಬಿಟ್ಟು ಒಂದೊಂದೇ ಮನೆಯ ಬಿಸಿನೀರಿನ ವಾಲ್ವ್ ಮುಚ್ಚುತ್ತ ಹೋಗಿ, ಯಾರ ಮನೆಯದನ್ನು ಮುಚ್ಚಿದಾಗ ನಿಲ್ಲುತ್ತದೋ ಆ ಮನೆ. ಪ್ರತಿ ಮನೆಯ ಬಿಸಿಲೈನಿಗೆ ಒಂದು ಎನ್.ಆರ್.ವಿ., ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಹಾಕಿದರೆ ನೀರು ಹಿಂದಕ್ಕೆ ನುಗ್ಗದು. ಸ್ಪ್ರಿಂಗಿನದು ಮಾತ್ರ ಬೇಡ, ಮೇಲಿನ ಮಹಡಿಯ ಸಣ್ಣ ಒತ್ತಡಕ್ಕೆ ಅದು ನೆಟ್ಟಗೆ ತೆರೆಯುವುದಿಲ್ಲ. ಕಟ್ಟುವಾಗಲೇ ಇದನ್ನು ಹಾಕುವ ಬಿಲ್ಡರ್ ಅಪರೂಪ.

ಇನ್ನು ಹಂಡೆಯ ಪಕ್ಷದವರು. ದೀಪಾವಳಿ ಬಂತೆಂದರೆ, ನೀರು ತುಂಬುವ ಹಬ್ಬದ ನೆಪದಲ್ಲಿ ಇವರ ಲೇಖನಗಳು ಶುರು: ತಾಮ್ರದ ಹಂಡೆಯ ನೀರಿನ ಹಿತವೇ ಬೇರೆ, ತೆಂಗಿನ ಗರಿಯ ಬೆಂಕಿಯ ಘಮವೇ ಬೇರೆ. ಬಸವನಗುಡಿಯ ಹಳೆಯ ಬಚ್ಚಲುಗಳ ಮಸಿ ತಿಕ್ಕಿದವರು, ಹೊಗೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಒಲೆ ಊದಿದವರು ಈ ಲೇಖನ ಬರೆಯುವವರಲ್ಲ ಎಂಬುದನ್ನು ಗಮನಿಸಬೇಕು. ಹೋಗಲಿ, ಹೊಗಳುವುದಾದರೂ ಸರಿಯಾದ್ದನ್ನು ಹೊಗಳುತ್ತಾರೆಯೆ? ಹಂಡೆಯ ಗುಣ ತಾಮ್ರದಲ್ಲಿರಲಿಲ್ಲ. ಸ್ನಾನ ಮಾಡುವವರ ಕೈಗೆಟಕುವಷ್ಟು ಹತ್ತಿರ ಹೂತಿದ್ದರಲ್ಲ, ಗುಣ ಅಲ್ಲಿತ್ತು. ಪೈಪೇ ಇಲ್ಲದ ಮೇಲೆ ತಣ್ಣಗಾಗುವುದೇನು? ಸೋಲಾರಿನ ಭಕ್ತರೂ ಹಂಡೆಯ ಭಕ್ತರೂ ದೂರ ಎಂಬ ಈ ಒಂದು ಸಂಗತಿಯನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಚರ್ಚಿಸುತ್ತಾರೆ.

ಟ್ಯಾಂಕಿನೊಳಗಿನ ಕರೆಂಟು ಕಾಯಿಲ್ಲು ಮಳೆಗಾಲಕ್ಕೆ ಬೇಕು, ಒಪ್ಪೋಣ. ಆದರೆ 200 ಲೀಟರನ್ನು 25 ಡಿಗ್ರಿ ಏರಿಸಲು ಸುಮಾರು 6 ಯೂನಿಟ್ ಬೇಕು. ಸ್ವಿಚ್ಚು ಆರಿಸಲು ಮರೆತರೆ ಬೆಸ್ಕಾಂ ರಿಯಾಯಿತಿ ಎರಡು ದಿನವೂ ಬಾಳದು. ಅಷ್ಟಾಗಿಯೂ ಕೆಳಮನೆಯವರು ಬಚ್ಚಲಿಗೊಂದು ಗೀಸರ್ ಕೊಂಡಿರುತ್ತಾರೆ, ಹೊಗಳಿಕೆಯ ಲೆಕ್ಕದಲ್ಲಿ ಆ ಕಟ್ಟಡವೂ ಸೋಲಾರ್ ಕಟ್ಟಡವೇ.

ಹೊಸದಾಗಿ ಕಟ್ಟುವವರು ಪೈಪಿಗೆ ದಪ್ಪ ಹೊದಿಕೆ ಹಾಕಿಸಲಿ, ಬಳಸದ ನೀರು ಮರಳಿ ಟ್ಯಾಂಕಿಗೆ ಹೋಗುವಂತೆ ವಾಪಸು ಲೈನು ಎಳೆದು, ಟೈಮರ್ ಇರುವ ಸಣ್ಣ ಪಂಪೊಂದನ್ನು ಕೂಡಿಸಲಿ. ಈಗಾಗಲೇ ಕಟ್ಟಿರುವ ಅಪಾರ್ಟ್‌ಮೆಂಟಿನ ಸಂಘದವರಲ್ಲಿ ಒಂದೇ ಕೋರಿಕೆ: ಹೊಸ ಫಲಕಕ್ಕೆ ಕೊಟೇಶನ್ ಕೇಳುವ ಮುನ್ನ ಒಂದು ಭಾನುವಾರ ಆ ಗೇಟ್ ವಾಲ್ವ್ ಮುಚ್ಚಿ ನೋಡಿ.