ಮರಳಿ ಬರುವ ಮೃತರು: ಅತಿಮಾನುಷ ನಾಯಕರ ಚಲಚ್ಚಿತ್ರಗಳಲ್ಲಿ ಕರುಣರಸದ ಪ್ರಶ್ನೆ

ಅಮೆರಿಕದ ಕಾಮಿಕ್ ಪುಸ್ತಕಗಳಿಂದ ಎತ್ತಿಕೊಂಡ ಅತಿಮಾನುಷ ನಾಯಕರ ಚಲಚ್ಚಿತ್ರಗಳು ಕಳೆದ ಕಾಲು ಶತಮಾನದಲ್ಲಿ ಜಗತ್ತಿನ ಚಿತ್ರಮಂದಿರಗಳನ್ನು ಆಕ್ರಮಿಸಿಕೊಂಡ ಬಗೆ ಸುವಿದಿತವಾದುದು. ಅವನ್ನು ಮೆಚ್ಚುವವರು ಅವು ಈ ಯುಗದ ಪುರಾಣಗಳೆಂದು ಕೊಂಡಾಡುವುದುಂಟು. ಮೆಚ್ಚದವರು ಅವು ಕಲೆಯೇ ಅಲ್ಲವೆಂದು ತಳ್ಳಿಹಾಕುವುದುಂಟು. ೨೦೧೯ರಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆಯವರು ಅವನ್ನು ವಿನೋದೋದ್ಯಾನಗಳಿಗೆ ಹೋಲಿಸಿ ಮಾತನಾಡಿದ ಮೇಲೆ ಈ ಎರಡು ಪಕ್ಷಗಳ ವಾದವು ಇನ್ನಷ್ಟು ಬಿರುಸಾಯಿತು. ನಮಗೆ ಈ ಎರಡು ಮಾತುಗಳೂ ಅವಸರದವಾಗಿ ತೋರುತ್ತವೆ. ಪುರಾಣವೆನ್ನುವವರು ಪುರಾಣದ ಲಕ್ಷಣವನ್ನು ವಿಚಾರಿಸುವುದಿಲ್ಲ. ಕಲೆಯಲ್ಲವೆನ್ನುವವರು ಆ ಚಿತ್ರಗಳ ಮುಂದೆ ಕುಳಿತು ಕಣ್ಣೀರಿಟ್ಟ ಪ್ರೇಕ್ಷಕನ ಅನುಭವಕ್ಕೆ ಸಮಾಧಾನ ಹೇಳುವುದಿಲ್ಲ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಕಿರಿದು. ಈ ಚಿತ್ರಗಳಲ್ಲಿ ನಾಯಕನು ಸತ್ತಾಗ ಪ್ರೇಕ್ಷಕನು ಅಳುತ್ತಾನೆ. ಆ ಅಳು ಯಾವ ರಸಕ್ಕೆ ಸೇರಿದುದು?

ಮೊದಲು ಮೂಲದ ಕಡೆಗೆ ತಿರುಗೋಣ. ೧೯೩೮ರಲ್ಲಿ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರು ತಾವು ಕಲ್ಪಿಸಿದ ಸೂಪರ್‌ಮ್ಯಾನ್ ಪಾತ್ರದ ಹಕ್ಕನ್ನು ೧೩೦ ಡಾಲರಿಗೆ ಪ್ರಕಾಶಕರಿಗೆ ಮಾರಿದರು. ಮರುವರ್ಷವೇ ಬ್ಯಾಟ್‌ಮ್ಯಾನ್ ಹುಟ್ಟಿದನು. ೧೯೬೦ರ ದಶಕದಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೊ ಇವರ ಕೈಯಲ್ಲಿ ಸ್ಪೈಡರ್‌ಮ್ಯಾನ್ ಮೊದಲಾದ, ಮನೆಬಾಡಿಗೆಗೂ ಚಿಂತಿಸುವ ನಾಯಕರು ಬಂದರು. ಅವರೆಲ್ಲರ ಕಥೆಯೂ ತಿಂಗಳು ತಿಂಗಳು ಹೊರಬರುವ ಅಗ್ಗದ ಸಂಚಿಕೆಗಳಲ್ಲಿ ನಡೆಯುವಂಥದು. ಈ ಸಂಗತಿಯನ್ನು ಸಾಮಾನ್ಯವಾಗಿ ವ್ಯಾಪಾರದ ವಿಚಾರವೆಂದು ಬಿಟ್ಟುಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದೇ ಈ ಪ್ರಕಾರದ ಜೀವಲಕ್ಷಣ. ಮುಂದಿನ ತಿಂಗಳು ಸಂಚಿಕೆ ಹೊರಡಬೇಕಾದರೆ ಈ ತಿಂಗಳು ನಾಯಕನು ಉಳಿಯಬೇಕು. ಅವನಿಗೆ ವಯಸ್ಸಾಗಕೂಡದು, ಅವನ ಬಾಳಿನಲ್ಲಿ ಹಿಂತೆಗೆಯಲಾಗದ ಯಾವ ಹೆಜ್ಜೆಯೂ ಬೀಳಕೂಡದು.

ಇಟಲಿಯ ವಿದ್ವಾಂಸ ಉಂಬರ್ಟೊ ಎಕೊ ೧೯೬೨ರಷ್ಟು ಹಿಂದೆಯೇ ಸೂಪರ್‌ಮ್ಯಾನ್ ಕುರಿತ ಪ್ರಬಂಧವೊಂದರಲ್ಲಿ ಈ ಮರ್ಮವನ್ನು ಹಿಡಿದಿದ್ದರು. ಪುರಾಣದ ನಾಯಕನ ಕಥೆ ಆಗಲೇ ಮುಗಿದುಹೋದುದು, ಕೇಳುವವನಿಗೆ ಅದರ ಕೊನೆ ತಿಳಿದಿರುತ್ತದೆ. ಕಾದಂಬರಿಯ ನಾಯಕನ ಕಥೆ ಮುಂದೇನಾಗುವುದೋ ಎಂಬ ಕುತೂಹಲದಿಂದ ನಡೆಯುತ್ತದೆ. ಕಾಮಿಕ್ ನಾಯಕನು ಏಕಕಾಲದಲ್ಲಿ ಇವೆರಡೂ ಆಗಬೇಕಾಗಿದೆ. ಪ್ರತಿ ಸಂಚಿಕೆಯಲ್ಲಿಯೂ ಏನಾದರೂ ಘಟಿಸಬೇಕು, ಆದರೆ ಘಟಿಸಿದುದು ಅವನನ್ನು ಸವೆಸಬಾರದು. ಒಂದು ಕೆಲಸವನ್ನು ಮಾಡುವುದೆಂದರೆ ಸಾವಿನ ಕಡೆಗೆ ಒಂದು ಹೆಜ್ಜೆ ಇಡುವುದೆಂಬ ಮನುಷ್ಯಸಾಮಾನ್ಯ ನಿಯಮಕ್ಕೆ ಅವನು ಹೊರಗು. ಎಕೊ ಅವರ ಈ ವಿಚಾರವನ್ನು ಒಪ್ಪಿಕೊಂಡರೆ, ಪುರಾಣವೆಂಬ ಹೊಗಳಿಕೆಗೆ ಅಡಿಪಾಯ ಸಡಿಲವಾಗುತ್ತದೆ. ನಮ್ಮ ಪುರಾಣಪುರುಷರು ಸಾಯುತ್ತಾರೆ. ಕೃಷ್ಣನು ಬೇಡನ ಬಾಣಕ್ಕೆ ಬೀಳುತ್ತಾನೆ. ಕರ್ಣನು ನೆಲ ನುಂಗಿದ ರಥದ ಬಳಿಯಲ್ಲಿ ಬೀಳುತ್ತಾನೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣರಂಗದ ಹೆಣಗಳ ನಡುವೆ ನಡೆಯುತ್ತ ತಮ್ಮನನ್ನೂ ಗೆಳೆಯನನ್ನೂ ಕಂಡು ಮರುಗುವ ಸಂದರ್ಭ ಅಷ್ಟು ಭಾರವಾಗುವುದು ಅವರು ಏಳುವುದಿಲ್ಲವೆಂಬುದರಿಂದಲೇ. ಸಂಧಿ ಹೊರಳಿದರೂ ಏಳುವುದಿಲ್ಲ, ಬೇರೊಬ್ಬ ಕವಿ ಬರೆದರೂ ಏಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ರಾಮಾಯಣದಲ್ಲಿ ಯುದ್ಧಾನಂತರ ಇಂದ್ರನ ವರದಿಂದ ಸತ್ತ ವಾನರರು ಎದ್ದು ಬರುವರಲ್ಲವೆ? ಹೌದು, ಬರುತ್ತಾರೆ. ಆದರೆ ಆ ಭಾಗವನ್ನು ಓದಿ ಹೃದಯ ಕರಗಿದವರನ್ನು ನಾವು ಕಂಡಿಲ್ಲ. ಜಟಾಯುವಿನ ಸಾವನ್ನು ಓದಿ ಕರಗದವರನ್ನೂ ಕಂಡಿಲ್ಲ. ಜಟಾಯು ಹಿಂದಿರುಗುವುದಿಲ್ಲ.

ಭರತನ ನಾಟ್ಯಶಾಸ್ತ್ರದಲ್ಲಿ ಈ ಸಂದರ್ಭಕ್ಕೆ ಅತ್ಯಂತ ಉಪಯುಕ್ತವಾದ ಒಂದು ವಿವೇಚನೆಯಿದೆ. ವಿಪ್ರಲಂಭಶೃಂಗಾರದಲ್ಲಿಯೂ ಕಣ್ಣೀರಿದೆ, ಕರುಣದಲ್ಲಿಯೂ ಕಣ್ಣೀರಿದೆ. ನಿರ್ವೇದ, ಗ್ಲಾನಿ, ಚಿಂತೆಗಳು ಎರಡಕ್ಕೂ ಸಾಧಾರಣ. ಹಾಗಿದ್ದ ಮೇಲೆ ಭೇದವೆಲ್ಲಿ? ಮೊದಲನೆಯದು ಸಾಪೇಕ್ಷ, ಎರಡನೆಯದು ನಿರಪೇಕ್ಷ. ಅಗಲಿದವನು ಮರಳುವನೆಂಬ ನಿರೀಕ್ಷೆ ಉಳಿದಿದ್ದರೆ ಅದು ವಿಪ್ರಲಂಭ. ಆ ನಿರೀಕ್ಷೆಯ ಎಳೆ ಕಡಿದುಹೋದರೆ ಅದು ಕರುಣ. ಪಾತ್ರಗಳ ಭಾವವನ್ನು ಕುರಿತು ಹೇಳಿದ ಈ ಭೇದವನ್ನು ನಾವು ಪ್ರೇಕ್ಷಕನಿಗೂ ಅನ್ವಯಿಸಿ ನೋಡಿದರೆ, ಅತಿಮಾನುಷ ನಾಯಕರ ಚಿತ್ರಗಳಲ್ಲಿ ಕರುಣವೆಂದು ತೋರುವುದರಲ್ಲಿ ಬಹುಭಾಗ ಕರುಣವಲ್ಲವೆಂಬುದು ಗೋಚರವಾಗುತ್ತದೆ.

೨೦೧೮ರ ‘ಅವೆಂಜರ್ಸ್: ಇನ್‌ಫಿನಿಟಿ ವಾರ್’ ಚಿತ್ರವನ್ನು ತೆಗೆದುಕೊಳ್ಳಬಹುದು. ಅದರ ಕೊನೆಯಲ್ಲಿ ಥಾನೋಸ್ ಎಂಬ ಪ್ರತಿನಾಯಕನು ಬೆರಳು ಚಿಟಿಕೆ ಹೊಡೆದೊಡನೆ ವಿಶ್ವದ ಜೀವಿಗಳಲ್ಲಿ ಅರ್ಧದಷ್ಟು ಧೂಳಾಗಿ ಉದುರಿಹೋಗುತ್ತಾರೆ. ದೃಶ್ಯವಾಗಿ ಅದು ಗಂಭೀರವಾದುದೇ. ಹುಡುಗ ಸ್ಪೈಡರ್‌ಮ್ಯಾನ್ ತನಗೆ ಹಿರಿಯನಾದವನ ತೋಳಿನಲ್ಲಿ ಕರಗುವ ಕ್ಷಣವನ್ನು ನಿರ್ದೇಶಕರಾದ ರೂಸೊ ಸಹೋದರರು ಸಂಗೀತವನ್ನು ಅಡಗಿಸಿ, ಆಡಂಬರವಿಲ್ಲದೆ ತೋರಿಸಿದ್ದಾರೆ. ಆದರೆ ಅದೇ ಚಿತ್ರದಲ್ಲಿ ಧೂಳಾಗುವ ಬ್ಲ್ಯಾಕ್ ಪ್ಯಾಂಥರನ ಸ್ವಂತ ಚಿತ್ರ ಅದಕ್ಕೆ ಎರಡು ತಿಂಗಳ ಹಿಂದಷ್ಟೆ ಬಿಡುಗಡೆಯಾಗಿ ನೂರು ಕೋಟಿ ಡಾಲರುಗಳನ್ನು ಮೀರಿ ಗಳಿಸಿತ್ತು. ಅಂಥವನನ್ನು ಯಾವ ನಿರ್ಮಾಪಕನೂ ಧೂಳಾಗಿ ಬಿಡಲಾರನೆಂಬುದು ಚಿತ್ರಮಂದಿರದ ಹುಡುಗರಿಗೂ ಗೊತ್ತಿತ್ತು. ಪ್ರೇಕ್ಷಕನು ಅತ್ತದ್ದು ನಿಜ. ಆದರೆ ಮರುವರ್ಷದ ಟಿಕೇಟಿನ ಭರವಸೆಯನ್ನು ಜೇಬಿನಲ್ಲಿಟ್ಟುಕೊಂಡು ಅತ್ತನು. ಇದು ವಿಪ್ರಲಂಭದ ಅಳು. ೨೦೧೯ರ ‘ಎಂಡ್‌ಗೇಮ್’ ಚಿತ್ರದಲ್ಲಿ ಎಲ್ಲರೂ ಮರಳಿದರು.

ಈ ನಿರೀಕ್ಷೆ ಬರಿಯ ಭಾವನೆಯಲ್ಲ, ಅದಕ್ಕೆ ಲೆಕ್ಕಪತ್ರದ ಆಧಾರವಿದೆಯೆಂಬುದನ್ನು ಒತ್ತಿ ಹೇಳಬೇಕಾಗಿದೆ. ೧೯೯೬ರಲ್ಲಿ ದಿವಾಳಿತನದ ರಕ್ಷಣೆ ಬೇಡಿದ್ದ ಮಾರ್ವೆಲ್ ಸಂಸ್ಥೆ ೨೦೦೫ರಲ್ಲಿ ಸ್ವತಃ ಚಿತ್ರಗಳನ್ನು ನಿರ್ಮಿಸುವುದಕ್ಕಾಗಿ ೫೨.೫ ಕೋಟಿ ಡಾಲರುಗಳ ಸಾಲದ ಏರ್ಪಾಡು ಮಾಡಿಕೊಂಡಾಗ, ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್ ಮೊದಲಾದ ಹತ್ತು ಪಾತ್ರಗಳ ಚಿತ್ರಹಕ್ಕುಗಳನ್ನೇ ಅಡವಿಟ್ಟಿತು. ಅಡವಿಟ್ಟ ಒಡವೆಯನ್ನು ಕರಗಿಸುವುದು ಯಾರಿಂದ ಸಾಧ್ಯ? ೨೦೦೮ರ ‘ಐರನ್ ಮ್ಯಾನ್’ ಗೆದ್ದಿತು. ೨೦೦೯ರಲ್ಲಿ ಡಿಸ್ನಿ ಸಂಸ್ಥೆ ಸುಮಾರು ೪೦೦ ಕೋಟಿ ಡಾಲರುಗಳಿಗೆ ಮಾರ್ವೆಲನ್ನು ಕೊಂಡಿತು. ೧೩೦ ಡಾಲರಿನಿಂದ ಇಲ್ಲಿಗೆ ಬಂದ ದಾರಿಯಲ್ಲಿ ಪಾತ್ರಗಳು ಕಲ್ಪನೆಯಿಂದ ಆಸ್ತಿಯಾದವು. ಸೀಗೆಲ್ ಮತ್ತು ಶುಸ್ಟರರಿಗೆ ವರ್ಷಾಶನವೂ, ಪಾತ್ರದ ಕರ್ತೃಗಳೆಂಬ ಉಲ್ಲೇಖವೂ ದೊರೆತದ್ದು ೧೯೭೫ರಲ್ಲಿ, ಅದೂ ಸಾರ್ವಜನಿಕವಾಗಿ ದೂರಿಕೊಂಡ ಮೇಲೆ. ಕರ್ತೃಗಳು ಮುದುಕರಾದರು, ಸೂಪರ್‌ಮ್ಯಾನನಿಗೆ ಒಂದು ಕೂದಲೂ ನೆರೆಯಲಿಲ್ಲ. ೧೯೯೨ರಲ್ಲಿ ಅವನನ್ನು ಕಾಮಿಕ್ ಸಂಚಿಕೆಯೊಂದರಲ್ಲಿ ಕೊಂದರು, ಸಂಚಿಕೆ ಲಕ್ಷಗಟ್ಟಲೆ ಮಾರಿತು, ೧೯೯೩ರಲ್ಲಿ ಎಬ್ಬಿಸಿದರು.

ಇಷ್ಟು ಹೇಳಿದ ಮೇಲೆ ಈ ಪ್ರಕಾರದಲ್ಲಿ ಕರುಣಕ್ಕೆ ಎಡೆಯೇ ಇಲ್ಲವೆಂದು ಮುಗಿಸಬಹುದಾಗಿತ್ತು. ಹಾಗೆ ಮುಗಿಸಲು ಬಿಡದಿರುವ ಒಂದು ಕೃತಿಯಿದೆ. ಅದು ಜೇಮ್ಸ್ ಮ್ಯಾಂಗೋಲ್ಡರು ೨೦೧೭ರಲ್ಲಿ ನಿರ್ದೇಶಿಸಿದ ‘ಲೋಗನ್’.

ಹ್ಯೂ ಜ್ಯಾಕ್‌ಮನ್ ೨೦೦೦ದಿಂದ ವುಲ್ವರೀನ್ ಪಾತ್ರವನ್ನು ವಹಿಸುತ್ತ ಬಂದಿದ್ದನು. ಗಾಯವಾದರೆ ಕ್ಷಣದಲ್ಲಿ ಮಾಯುವ ಮೈ ಅವನದು. ‘ಲೋಗನ್’ ಚಿತ್ರದಲ್ಲಿ ಆ ಮೈ ಮಾಯುವುದನ್ನು ಮರೆತಿದೆ. ಅವನ ಬಲಕ್ಕೆ ಕಾರಣವಾಗಿದ್ದ, ಎಲುಬುಗಳಿಗೆ ಹೊದಿಸಿದ ಲೋಹವೇ ಈಗ ವಿಷವಾಗಿ ಅವನನ್ನು ಕೊಲ್ಲುತ್ತಿದೆ. ಅವನು ಬಾಡಿಗೆ ಕಾರು ಓಡಿಸಿ ಹೊಟ್ಟೆ ಹೊರೆಯುತ್ತಾನೆ. ಜಗತ್ತಿನ ಮನಸ್ಸುಗಳನ್ನೆಲ್ಲ ಓದಬಲ್ಲವನಾಗಿದ್ದ ಗುರು ಚಾರ್ಲ್ಸ್ ಜೇವಿಯರನು ಬುದ್ಧಿ ಶಿಥಿಲವಾಗಿ, ಔಷಧಕ್ಕಾಗಿ ಶಿಷ್ಯನ ಕೈ ಕಾಯುತ್ತಾನೆ. ಇಬ್ಬರು ಮುದುಕರು, ಒಬ್ಬ ಮೂಕಳಂತಿರುವ ಹುಡುಗಿ, ಒಂದು ಕಾರು. ಇಷ್ಟು ಸಾಮಗ್ರಿಯಿಂದ ಮ್ಯಾಂಗೋಲ್ಡರು ಎಕೊ ಹೇಳಿದ ನಿಯಮವನ್ನು ಮುರಿದಿದ್ದಾರೆ. ನಾಯಕನಿಗೆ ಸವೆತವನ್ನು ಮರಳಿ ಕೊಟ್ಟಿದ್ದಾರೆ.

ಇದಕ್ಕಿಂತ ಸೂಕ್ಷ್ಮವಾದ ಅಂಶ ಇನ್ನೊಂದಿದೆ. ಚಿತ್ರದೊಳಗೆ ಆ ಹುಡುಗಿಯ ಕೈಯಲ್ಲಿ ಲೋಗನನ ಸಾಹಸಗಳ ಕಾಮಿಕ್ ಪುಸ್ತಕಗಳೇ ಇವೆ. ಲೋಗನ್ ಅವನ್ನು ಕಂಡು ಸಿಡುಕುತ್ತಾನೆ. ನಡೆದುದು ಹೀಗಲ್ಲ, ನಿಜವಾದ ಬಾಳಿನಲ್ಲಿ ಜನ ಸಾಯುತ್ತಾರೆ ಎಂಬುದು ಅವನ ಮಾತಿನ ತಾತ್ಪರ್ಯ. ಮೂಲಕೃತಿಯನ್ನು ರೂಪಾಂತರಗೊಳಿಸುವ ಚಿತ್ರವೊಂದು ಆ ಮೂಲವನ್ನೇ ರಂಗಕ್ಕೆ ತಂದು ಅದರೊಡನೆ ಜಗಳವಾಡುವುದು ಈ ಪ್ರಕಾರದಲ್ಲಿ ಅಪರೂಪ. ಹಾಗೆಂದು ಚಿತ್ರವು ಆ ಪುಸ್ತಕಗಳನ್ನು ತಿರಸ್ಕರಿಸುವುದಿಲ್ಲ. ಸುಳ್ಳೆಂದು ಲೋಗನ್ ಹಳಿದ ಆ ಪುಟಗಳು ತೋರಿದ ಸ್ಥಳದಲ್ಲಿಯೇ ಮಕ್ಕಳು ಒಂದುಗೂಡುತ್ತಾರೆ. ಕಡೆಗೆ ಅವನು ಸಾಯುತ್ತಾನೆ, ಮಕ್ಕಳು ಹೂಳುತ್ತಾರೆ, ಹುಡುಗಿ ಲಾರಾ ಸಮಾಧಿಯ ಶಿಲುಬೆಯನ್ನು ಕಿತ್ತು ಓರೆಯಾಗಿ ನೆಡುತ್ತಾಳೆ, ಅದು ಎಕ್ಸ್ ಅಕ್ಷರವಾಗುತ್ತದೆ. ಹದಿನೇಳು ವರ್ಷ ಒಬ್ಬನೇ ನಟನ ಮೈಯಲ್ಲಿ ಕಂಡ ಪಾತ್ರವಾದುದರಿಂದ ಆ ಮುಕ್ತಾಯಕ್ಕೆ ಕಾಲದ ಸಾಕ್ಷ್ಯವೂ ಸೇರಿತ್ತು. ಅಲ್ಲಿ ನಾವು ಅನುಭವಿಸಿದ್ದು ನಿರಪೇಕ್ಷವಾದ ಶೋಕ, ನಿಸ್ಸಂದೇಹವಾಗಿ ಕರುಣ.

ಏಳು ವರ್ಷಗಳ ಬಳಿಕ, ೨೦೨೪ರಲ್ಲಿ, ‘ಡೆಡ್‌ಪೂಲ್ ಮತ್ತು ವುಲ್ವರೀನ್’ ಬಂದಿತು. ಅದರ ಮೊದಲ ದೃಶ್ಯದಲ್ಲಿ ಡೆಡ್‌ಪೂಲನು ಅದೇ ಸಮಾಧಿಯನ್ನು ಅಗೆಯುತ್ತಾನೆ. ಲೋಗನನ ಅಸ್ಥಿಪಂಜರವನ್ನು ಹೊರಗೆಳೆದು, ಅದರ ಎಲುಬುಗಳನ್ನೇ ಆಯುಧ ಮಾಡಿಕೊಂಡು, ಹಾಡಿನ ತಾಳಕ್ಕೆ ಕುಣಿಯುತ್ತ ಶತ್ರುಗಳನ್ನು ಕೊಲ್ಲುತ್ತಾನೆ. ಅನಂತರ ಬೇರೊಂದು ವಿಶ್ವದ ವುಲ್ವರೀನನನ್ನು, ಎಂದರೆ ಅದೇ ಜ್ಯಾಕ್‌ಮನ್‌ನನ್ನು, ಕರೆತರುತ್ತಾನೆ. ಈ ಚಿತ್ರ ೧೩೦ ಕೋಟಿ ಡಾಲರುಗಳಿಗೂ ಮಿಕ್ಕಿ ಗಳಿಸಿತು. ಅದು ನಿರ್ವಂಚನೆಯ ಕೃತಿಯೆಂಬುದನ್ನು ಒಪ್ಪಬೇಕು. ಹಣಕ್ಕಾಗಿ ಹೆಣವನ್ನು ಎಬ್ಬಿಸುತ್ತಿದ್ದೇವೆಂಬುದನ್ನು ಅದು ಬಚ್ಚಿಡುವುದಿಲ್ಲ, ಅದನ್ನೇ ಹಾಸ್ಯವಾಗಿಸುತ್ತದೆ. ಆ ಹಾಸ್ಯಕ್ಕೆ ನಾವೂ ನಕ್ಕೆವು. ಆದರೆ ನಕ್ಕ ಮೇಲೆ ‘ಲೋಗನ್’ ಚಿತ್ರವನ್ನು ಮತ್ತೆ ನೋಡಿದಾಗ ಕಡೆಯ ದೃಶ್ಯ ಮೊದಲಿನಂತಿರಲಿಲ್ಲ. ಲಾರಾ ಶಿಲುಬೆಯನ್ನು ಓರೆಮಾಡುವಾಗ ಗುದ್ದಲಿಯ ಸದ್ದು ಕಿವಿಯಲ್ಲಿತ್ತು. ಉತ್ತರಕೃತಿಯೊಂದು ಪೂರ್ವಕೃತಿಯ ರಸವನ್ನು ಕಾಲದಲ್ಲಿ ಹಿಂದಕ್ಕೆ ಹೋಗಿ ಕೆಡಿಸಬಲ್ಲದೆಂಬುದನ್ನು ನಮ್ಮ ಆಲಂಕಾರಿಕರು ವಿಚಾರಿಸುವ ಅಗತ್ಯ ಬೀಳಲಿಲ್ಲ. ಅವರ ಮುಂದಿದ್ದ ಕಾವ್ಯಗಳು ಮುಗಿಯುತ್ತಿದ್ದವು. ಟೋನಿ ಸ್ಟಾರ್ಕ್ ಪಾತ್ರದಲ್ಲಿ ‘ಎಂಡ್‌ಗೇಮ್’ ಚಿತ್ರದಲ್ಲಿ ಸತ್ತ ರಾಬರ್ಟ್ ಡೌನಿ ಜೂನಿಯರ್ ಡಾಕ್ಟರ್ ಡೂಮ್ ಎಂಬ ಬೇರೆ ಪಾತ್ರದಲ್ಲಿ ಮರಳುವನೆಂದು ೨೦೨೪ರಲ್ಲಿಯೇ ಸಾರಿದರು. ೨೦೨೩ರ ‘ದಿ ಮಾರ್ವೆಲ್ಸ್’ ಚಿತ್ರ ಆ ಮಾಲೆಯಲ್ಲೇ ಅತಿ ಕಡಿಮೆ ಗಳಿಸಿ ಸೋತದ್ದಕ್ಕೂ ಈ ಮರಳಿಕೆಗಳಿಗೂ ಸಂಬಂಧವಿರಬಹುದು. ಹೊಸಬರು ಗೆಲ್ಲದಿದ್ದರೆ ಸತ್ತವರನ್ನು ಕರೆಯುತ್ತಾರೆ.

ಈ ಮಾಲೆಯಲ್ಲಿ ಮರಳದ ಒಂದು ಸಾವಿದೆ. ಬ್ಲ್ಯಾಕ್ ಪ್ಯಾಂಥರನಾಗಿ ನಟಿಸಿದ್ದ ಚ್ಯಾಡ್‌ವಿಕ್ ಬೋಸ್‌ಮನ್ ೨೦೨೦ರ ಆಗಸ್ಟಿನಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ರಯನ್ ಕೂಗ್ಲರ್ ನಿರ್ದೇಶಿಸಿದ ೨೦೨೨ರ ‘ವಕಾಂಡಾ ಫಾರ್‌ಎವರ್’ ಚಿತ್ರದಲ್ಲಿ ಆ ಪಾತ್ರವನ್ನು ಬೇರೊಬ್ಬ ನಟನಿಗೆ ಕೊಡಲಿಲ್ಲ. ಚಿತ್ರ ಅವನ ಶವಸಂಸ್ಕಾರದಿಂದಲೇ ತೊಡಗುತ್ತದೆ. ಸಂಸ್ಥೆಯ ಲಾಂಛನ ಸಂಗೀತವಿಲ್ಲದೆ ಮೂಡುತ್ತದೆ. ಕಥಾಸಂವಿಧಾನದಲ್ಲಿ ಆ ಚಿತ್ರ ಸಡಿಲ, ಯುದ್ಧಗಳು ಅತಿದೀರ್ಘ. ಆದರೂ ಆ ಮೊದಲ ಕೆಲವು ನಿಮಿಷಗಳ ಮೌನಕ್ಕೆ ಸಮನಾದುದು ಮಾರ್ವೆಲ್ಲಿನ ಬೇರೆ ಚಿತ್ರಗಳಲ್ಲಿ ನಮಗೆ ದೊರೆತಿಲ್ಲ. ಕಥೆ ಕೊಡಲಾರದ ನಿರಪೇಕ್ಷತೆಯನ್ನು ಅಲ್ಲಿ ಲೋಕವೇ ಕೊಟ್ಟಿತು. ಲೌಕಿಕ ಶೋಕ ರಸವಲ್ಲವೆಂಬ ಸಿದ್ಧಾಂತ ನಮಗೆ ತಿಳಿಯದುದಲ್ಲ. ಈ ಉದಾಹರಣೆ ಆ ಸಿದ್ಧಾಂತಕ್ಕೆ ತೊಡಕೆಂಬುದನ್ನು ಮಾತ್ರ ಸೂಚಿಸಿ ಮುಂದುವರಿಯುತ್ತೇವೆ.

ಕೊನೆಯದಾಗಿ, ಈ ಪ್ರಶ್ನೆಯನ್ನು ತಾನೇ ಕಥಾವಸ್ತುವಾಗಿ ಮಾಡಿಕೊಂಡ ಒಂದು ಚಿತ್ರ. ಕಾಮಿಕ್ ಸಂಪ್ರದಾಯದಲ್ಲಿ ೧೯೭೩ರ ಗ್ವೆನ್ ಸ್ಟೇಸಿಯ ಸಾವು ಬಹುಕಾಲ ನಿಜವಾದ ಸಾವೆಂದು ಗಣಿತವಾಗಿತ್ತು. ಅವಳು ಬೇರೊಂದು ವಿಶ್ವದ ಹುಡುಗಿಯಾಗಿ, ಸ್ವತಃ ಜೇಡನ ಬಲವುಳ್ಳವಳಾಗಿ, ೨೦೨೩ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಎಂಬ ರೇಖಾಚಲಚ್ಚಿತ್ರದಲ್ಲಿ ಕಾಣಿಸಿಕೊಳ್ಳುತ್ತಾಳೆ. ಮುದ್ರಣದ ಚುಕ್ಕೆಗಳನ್ನೂ ಚೌಕಟ್ಟುಗಳನ್ನೂ ಬಿಡದೆ, ಕಾಮಿಕ್ ಪುಟವನ್ನೇ ಚಲಿಸುವಂತೆ ಮಾಡಿದ ಚಿತ್ರವದು. ೨೦೦೩ರಲ್ಲಿ ಆಂಗ್ ಲೀ ‘ಹಲ್ಕ್’ ಚಿತ್ರದಲ್ಲಿ ತೆರೆಯನ್ನು ಚೌಕಗಳಾಗಿ ಒಡೆದು ಮಾಡಹೋದ ಪ್ರಯೋಗ ಇಲ್ಲಿ ಕೈಗೂಡಿದೆ. ಪ್ರತಿಯೊಬ್ಬ ಸ್ಪೈಡರ್‌ಮ್ಯಾನನ ಕಥೆಯಲ್ಲಿಯೂ ಅವನಿಗೆ ಹತ್ತಿರದ ಒಬ್ಬ ಪೋಲೀಸು ಅಧಿಕಾರಿ ಸಾಯಲೇಬೇಕೆಂಬುದು ಅಲ್ಲಿನ ವಿಧಿ. ಆ ಸಾವನ್ನು ತಪ್ಪಿಸಿದರೆ ಲೋಕವೇ ಬಿಚ್ಚಿಹೋಗುತ್ತದೆಂದು ಹಿರಿಯರೆಲ್ಲರೂ ಹೇಳುತ್ತಾರೆ. ಮೈಲ್ಸ್ ಎಂಬ ಹುಡುಗನ ತಂದೆ ಆ ಪದವಿಗೆ ಏರಲಿದ್ದಾನೆ. ನೂರಾರು ಸ್ಪೈಡರ್‌ಮ್ಯಾನರು ಒಟ್ಟುಗೂಡಿ, ಕರುಣವಿಲ್ಲದೆ ನಮ್ಮ ಕಥೆಯಿಲ್ಲವೆಂದು ಅವನಿಗೆ ಬುದ್ಧಿ ಹೇಳುತ್ತಾರೆ. ಅವನು ಒಪ್ಪುವುದಿಲ್ಲ, ಓಡುತ್ತಾನೆ. ಅವನ ನಿರಾಕರಣೆ ಮಗನೊಬ್ಬನ ಸಹಜಪ್ರೇಮವೊ, ಅಥವಾ ಯಾರನ್ನೂ ಸಾಯಗೊಡದ ಆ ಪ್ರಕಾರದ ಹಳೆಯ ಚಾಳಿಯೊ ಎಂಬುದನ್ನು ನಿರ್ಣಯಿಸಲು ತಂದೆಯ ಗತಿ ನಮಗೆ ತಿಳಿಯಬೇಕು. ಚಿತ್ರ ಅದಕ್ಕೆ ಮುನ್ನವೇ ನಿಲ್ಲುತ್ತದೆ. ಕಥೆ ಮುಂದುವರಿಯುವುದೆಂಬ ಅಕ್ಷರಗಳು ತೆರೆಯ ಮೇಲೆ ಮೂಡುತ್ತವೆ.