ಬಾಡಿಗೆದಾರನನ್ನು ಕಾಣದ ವಸತಿ ನೀತಿ

ಬಡವರ ಮನೆಯ ಪ್ರಶ್ನೆ ಎದ್ದಾಗಲೆಲ್ಲ ಸರ್ಕಾರಗಳು ಲೆಕ್ಕ ಒಪ್ಪಿಸುತ್ತವೆ: ಇಷ್ಟು ಮಂಜೂರು, ಇಷ್ಟು ಪೂರ್ಣ. 2015ರ ಜೂನ್‌ನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ ಈ ಲೆಕ್ಕದಲ್ಲಿ ಸೋತಿಲ್ಲ. ಸುಮಾರು 1.18 ಕೋಟಿ ಮನೆಗಳಿಗೆ ಮಂಜೂರಾತಿ ಸಿಕ್ಕಿತು, ಅವುಗಳಲ್ಲಿ ಬಹುಪಾಲು ಕಟ್ಟಿಯೂ ಆದವು. ಇದನ್ನು ಅಲ್ಲಗಳೆಯುವುದು ಅನ್ಯಾಯ. ನನ್ನ ತಕರಾರು ಇರುವುದು ಈ ಮನೆಗಳು ಯಾರನ್ನು ತಲುಪಿದವು ಎಂಬಲ್ಲಿ. ಸ್ವಲ್ಪ ನೆಲವಿದ್ದವರಿಗೆ, ಬ್ಯಾಂಕಿನಲ್ಲಿ ಸಾಲ ಹುಟ್ಟುವವರಿಗೆ ಯೋಜನೆ ನೆರವಾಯಿತು. ನೆಲವೂ ಇಲ್ಲದ, ಸಾಲವೂ ಹುಟ್ಟದ, ತಿಂಗಳ ಬಾಡಿಗೆ ಹೊಂದಿಸುವುದರಲ್ಲೇ ಬದುಕು ಸವೆಸುವ ಕುಟುಂಬಗಳು ಅದರ ಅಂಚಿನಲ್ಲೇ ಉಳಿದವು. ಮನೆ ಕೊಡುವುದೆಂದರೆ ಒಡೆತನ ಕೊಡುವುದು ಎಂಬ ನಂಬಿಕೆಯೇ ಇದಕ್ಕೆ ಕಾರಣವೆಂದು ನನಗನಿಸುತ್ತದೆ.

ಕೊರತೆಯ ಸ್ವರೂಪವನ್ನೇ ನೋಡಿ. 2012ರಲ್ಲಿ ಅರ್ಥಶಾಸ್ತ್ರಜ್ಞ ಅಮಿತಾಭ್ ಕುಂಡು ನೇತೃತ್ವದ ತಾಂತ್ರಿಕ ತಂಡ ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಅಂದಾಜಿಸಿತು. ಅದರಲ್ಲಿ ಶೇ 95ಕ್ಕೂ ಹೆಚ್ಚು ಆರ್ಥಿಕವಾಗಿ ದುರ್ಬಲರು ಮತ್ತು ಕಡಿಮೆ ಆದಾಯದವರ ಪಾಲಿನದು. ಆದರೆ ತಲೆಯ ಮೇಲೆ ಸೂರೇ ಇಲ್ಲದ ಕುಟುಂಬಗಳು ಆ ಅಂದಾಜಿನಲ್ಲಿ ಸುಮಾರು 5.3 ಲಕ್ಷ ಮಾತ್ರ. ಸುಮಾರು 1.5 ಕೋಟಿ, ಅಂದರೆ ಐದರಲ್ಲಿ ನಾಲ್ಕು ಪಾಲು, ಇಕ್ಕಟ್ಟಿನಿಂದ ಹುಟ್ಟಿದ ಕೊರತೆ: ಮದುವೆಯಾದ ಮಗ ಸೊಸೆಗೆ ಬೇರೆ ಕೋಣೆಯಿಲ್ಲದ ಮನೆಗಳು. 2011ರ ಜನಗಣತಿಯಾದರೋ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿವೆ ಎಂದು ದಾಖಲಿಸಿತ್ತು. ಎರಡನ್ನೂ ಒಟ್ಟಿಗೆ ಓದಿದರೆ, ಕಟ್ಟಡಗಳಿಗಿಂತ ಹೆಚ್ಚಾಗಿ ನಮಗೆ ಕಡಿಮೆಯಿರುವುದು ಕೆಲಸಕ್ಕೆ ಹತ್ತಿರದಲ್ಲಿ, ಕೂಲಿಯವರ ಕೈಗೆಟಕುವ ಬಾಡಿಗೆಯ ಮನೆ ಎಂಬುದು ತಿಳಿಯುತ್ತದೆ. ಅದೇ ಜನಗಣತಿಯ ಪ್ರಕಾರ ನಗರವಾಸಿ ಕುಟುಂಬಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಾಡಿಗೆ ಮನೆಯಲ್ಲಿದ್ದವು.

ಯೋಜನೆ ಈ ಕೊರತೆಗೆ ಕೊಟ್ಟ ಉತ್ತರವೇನು? ಮಂಜೂರಾದ ಮನೆಗಳಲ್ಲಿ ಅರ್ಧಕ್ಕೂ ಹೆಚ್ಚು, ಫಲಾನುಭವಿ ತನ್ನ ಸ್ವಂತ ಜಾಗದಲ್ಲಿ ತಾನೇ ಕಟ್ಟಿಕೊಳ್ಳುವ ಮನೆಗಳು. ಅದಕ್ಕೆ ಕೇಂದ್ರದ ನೆರವು 1.5 ಲಕ್ಷ ರೂಪಾಯಿ. ಹಕ್ಕುಪತ್ರವೋ ಖಾತೆಯೋ ಇಲ್ಲದವರು ಅರ್ಜಿ ಹಾಕುವ ಹಂತದಲ್ಲೇ ಹೊರಗುಳಿಯುತ್ತಾರೆ. ಇನ್ನೊಂದು ಭಾಗ ಗೃಹಸಾಲದ ಬಡ್ಡಿಗೆ ಸಹಾಯಧನ; 2017ರಿಂದ ಅದು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ಆದಾಯವಿದ್ದವರಿಗೂ ದೊರೆಯಿತು. ಕೊಳೆಗೇರಿಯನ್ನು ಇದ್ದ ಜಾಗದಲ್ಲೇ ಪುನರ್ನಿರ್ಮಿಸುವ ಭಾಗ, ನಿಜಕ್ಕೂ ಕಡುಬಡವರಿಗೆ ಮುಟ್ಟಬೇಕಾದದ್ದು, ಯೋಜನೆಯ ನಾಲ್ಕು ಭಾಗಗಳಲ್ಲಿ ಅತಿ ಚಿಕ್ಕದಾಗಿ ಉಳಿಯಿತು. ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಕೂಡದೆಂಬ ಷರತ್ತು ಬೇರೆ. ಊರಿನಲ್ಲಿ ತನ್ನ ಹೆಸರಿಗೆ ಸಣ್ಣದೊಂದು ಪಕ್ಕಾ ಮನೆಯಿದ್ದು, ದುಡಿಮೆಗಾಗಿ ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಬಂದು ಶೀಟ್ ಮನೆಯಲ್ಲಿ ಬಾಡಿಗೆಗಿರುವ ಗಾರೆ ಕೆಲಸದವರು ಈ ಲೆಕ್ಕದಲ್ಲಿ ಮನೆ ಉಳ್ಳವರು.

2020ರ ಲಾಕ್‌ಡೌನ್ ಬಾಡಿಗೆದಾರರ ಈ ಸ್ಥಿತಿಯನ್ನು ಎಲ್ಲರ ಕಣ್ಣಿಗೆ ಬೀಳಿಸಿತು. ಕೂಲಿ ನಿಂತ ಕೂಡಲೇ ಬಾಡಿಗೆ ಕಟ್ಟಲಾಗದೆ ಲಕ್ಷಾಂತರ ಮಂದಿ ಊರಿನ ದಾರಿ ಹಿಡಿದಾಗ ಕೇಂದ್ರ ಸರ್ಕಾರ ಕೈಗೆಟಕುವ ಬಾಡಿಗೆ ವಸತಿ ಯೋಜನೆ ಘೋಷಿಸಿತು. ಹಳೆಯ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿಟ್ಟಿದ್ದ ಸುಮಾರು 83 ಸಾವಿರ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವ ಮಾತಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಅವುಗಳಲ್ಲಿ ಹತ್ತನೇ ಒಂದು ಭಾಗವೂ ಬಾಡಿಗೆಗೆ ಸಿದ್ಧವಾಗಲಿಲ್ಲ. ಅಷ್ಟು ಮನೆಗಳು ಖಾಲಿ ಉಳಿದಿದ್ದವೆಂಬುದೇ ಯೋಚಿಸಬೇಕಾದ ಸಂಗತಿ. ಅಗ್ಗದ ಜಾಗ ಹುಡುಕಿಕೊಂಡು ಊರಾಚೆ ಕಟ್ಟಿದ ಮನೆಯಿಂದ ಕೆಲಸಕ್ಕೆ ಎರಡು ಬಸ್ ಬದಲಿಸಬೇಕಾದರೆ, ಆ ಖರ್ಚು ಮತ್ತು ಹೊತ್ತಿನ ಮುಂದೆ ಕಡಿಮೆ ಬಾಡಿಗೆಯೂ ದುಬಾರಿಯೇ.

ಸರ್ಕಾರ ಒಡೆತನಕ್ಕಿಂತ ಬಾಡಿಗೆ ಮನೆಗಳಿಗೆ ಒತ್ತು ಕೊಡಬೇಕೆಂಬ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಸ್ವಂತ ಮನೆ ಬಡವರಿಗೆ ಮರ್ಯಾದೆ, ಭದ್ರತೆ, ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ. ಅದನ್ನು ಬಿಟ್ಟು ಅವರನ್ನು ಎಂದೆಂದಿಗೂ ಬಾಡಿಗೆದಾರರಾಗಿ ಇರಿಸುವುದು ಯಾವ ನ್ಯಾಯ? ತಲೆಮಾರುಗಳ ಕಾಲ ಭೂಮಿಯಿಂದ ದೂರವಿಟ್ಟ ಜಾತಿಗಳ ಜನ ಹಕ್ಕುಪತ್ರಕ್ಕಾಗಿ ಹೋರಾಡುವಾಗ ಈ ಮಾತನ್ನು ಲಘುವಾಗಿ ನೋಡಲಾಗದು, ಕೊಳೆಗೇರಿಯವರಿಗೆ ಅವರು ನಿಂತ ನೆಲದ ಹಕ್ಕು ಸಿಗಲೇಬೇಕು. ಆದರೆ ಸಾರ್ವಜನಿಕ ವಸತಿಯನ್ನೆಲ್ಲ ಒಡೆತನಕ್ಕೆ ತಿರುಗಿಸಿದರೆ ಮುಂದಿನ ತಲೆಮಾರಿನ ಬಡವರಿಗೆ ಏನೂ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರ ಕಾಯ್ದೆಯ ಮೂಲಕ ನಗರಾಡಳಿತಗಳ ಬಾಡಿಗೆ ಮನೆಗಳನ್ನು ವಾಸವಿದ್ದವರಿಗೇ ಭಾರಿ ರಿಯಾಯಿತಿಯಲ್ಲಿ ಮಾರಿತು. ಕೊಂಡವರಿಗೆ ಅದು ದೊಡ್ಡ ಲಾಭ. ಆದರೆ ಇಂಗ್ಲೆಂಡ್ ಒಂದರಲ್ಲೇ ಸುಮಾರು 20 ಲಕ್ಷ ಮನೆಗಳು ಹೀಗೆ ಕೈಬಿಟ್ಟವು, ಅದಕ್ಕೆ ತಕ್ಕಷ್ಟು ಹೊಸ ಮನೆಗಳು ಏಳಲಿಲ್ಲ. ಮಾರಿದ ಎಷ್ಟೋ ಫ್ಲ್ಯಾಟುಗಳು ಇಂದು ಖಾಸಗಿ ಮಾಲೀಕರ ಕೈಯಲ್ಲಿ ಹೆಚ್ಚಿನ ಬಾಡಿಗೆಗಿವೆ. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಮಾರಾಟವನ್ನೇ ನಿಲ್ಲಿಸಿದವು.

ಎರಡನೆಯ ಆಕ್ಷೇಪ, ಸರ್ಕಾರಕ್ಕೆ ಬಾಡಿಗೆ ಮನೆ ನಿಭಾಯಿಸುವ ಯೋಗ್ಯತೆಯಿಲ್ಲ ಎಂಬುದು. ಬೆಂಗಳೂರಿನ ಈಜಿಪುರದ ಬಡವರ ಕ್ವಾರ್ಟರ್ಸ್ ಈ ವಾದಕ್ಕೆ ಬಲ ಕೊಡುವಂತೆ ಕಾಣುತ್ತದೆ. ಅಲ್ಲಿ 2007ರಲ್ಲಿ ಕಟ್ಟಡ ಕುಸಿಯಿತು. 2013ರ ಜನವರಿಯಲ್ಲಿ ಅಲ್ಲೇ ಶೆಡ್ಡುಗಳಲ್ಲಿದ್ದ ಕುಟುಂಬಗಳನ್ನು ತೆರವುಗೊಳಿಸಿ, ಖಾಸಗಿ ಸಹಭಾಗಿತ್ವದ ಹೆಸರಿನಲ್ಲಿ ಜಾಗದ ದೊಡ್ಡ ಪಾಲನ್ನು ವಾಣಿಜ್ಯ ಬಳಕೆಗೆ ಒಪ್ಪಿಸುವ ದಾರಿ ಹಿಡಿಯಲಾಯಿತು. ಕಳಪೆ ಕಾಮಗಾರಿ, ಇಲ್ಲದ ನಿರ್ವಹಣೆ ಎರಡೂ ಆಡಳಿತದ ತಪ್ಪು, ಬಾಡಿಗೆ ವಸತಿಯೆಂಬ ಕಲ್ಪನೆಯ ತಪ್ಪಲ್ಲ. ವಿಯೆನ್ನಾ ನಗರಾಡಳಿತ 1920ರ ದಶಕದಿಂದ ಕಟ್ಟುತ್ತ ಬಂದ ಸುಮಾರು 2.2 ಲಕ್ಷ ಮನೆಗಳನ್ನು ಇಂದಿಗೂ ಬಾಡಿಗೆಗೇ ಇಟ್ಟುಕೊಂಡಿದೆ, ದುರಸ್ತಿ ಮಾಡುತ್ತಿದೆ. ನಮ್ಮಲ್ಲಿ ಕಟ್ಟಲು ಅನುದಾನವಿದೆ, ಕಟ್ಟಿದ್ದನ್ನು ನೋಡಿಕೊಳ್ಳಲು ಇಲ್ಲ. ಕೀ ಕೊಟ್ಟ ದಿನಕ್ಕೆ ಸರ್ಕಾರದ ಜವಾಬ್ದಾರಿ ಮುಗಿಯುತ್ತದೆ.

2024ರಲ್ಲಿ ಬಂದ ಯೋಜನೆಯ ಎರಡನೆಯ ಆವೃತ್ತಿ ಬಾಡಿಗೆ ವಸತಿಯನ್ನು ತನ್ನದೇ ಒಂದು ಭಾಗವಾಗಿ ಒಪ್ಪಿಕೊಂಡಿರುವುದು ಸ್ವಾಗತಾರ್ಹ. ಆದರೆ ಖಾಲಿ ಮನೆಗಳ ಮರುಬಳಕೆ, ಖಾಸಗಿಯವರಿಗೆ ಉತ್ತೇಜನ ಎಂಬ 2020ರ ಅದೇ ಎರಡು ದಾರಿಗಳನ್ನು ಅದು ನೆಚ್ಚಿದೆ. ನೆಲದ ಪ್ರಶ್ನೆ ಹಾಗೆಯೇ ಉಳಿದಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ತನ್ನ ಮೂಲೆ ನಿವೇಶನಗಳನ್ನು ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಕೊಡುತ್ತ ಬಂದಿದೆ. ಆ ನೆಲದಲ್ಲಿ, ಮೆಟ್ರೊ ನಿಲ್ದಾಣಗಳ ಸುತ್ತಲಿನ ಸರ್ಕಾರಿ ಜಾಗದಲ್ಲಿ ಒಂದು ಪಾಲನ್ನು ಎಂದೂ ಮಾರದ, ಆದಾಯಕ್ಕೆ ತಕ್ಕ ಬಾಡಿಗೆಯ ಮನೆಗಳಿಗೆ ಮೀಸಲಿಡುವುದು, ನಿರ್ವಹಣೆಯ ಹಣವನ್ನು ಪಾಲಿಕೆಯ ಬಜೆಟ್ಟಿನಲ್ಲಿ ಪ್ರತಿವರ್ಷ ತೆಗೆದಿಡುವುದು ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಕೆಲಸ. ಇದಕ್ಕೆ ದೆಹಲಿಯ ಹೊಸ ಯೋಜನೆಗಾಗಿ ಕಾಯಬೇಕಾಗಿಲ್ಲ.