‘ಟ್ಯಾಪೆಸ್ಟ್ರಿ’ಯ ಪುನಃಶ್ರವಣ

ಅಮೆರಿಕದ ಕೆರೋಲ್ ಕಿಂಗ್ ಅವರ ‘ಟ್ಯಾಪೆಸ್ಟ್ರಿ’ (1971) ಎಂಬ ಗೀತಸಂಪುಟವನ್ನು ತಾರುಣ್ಯದಲ್ಲಿ ಕೇಳಿ, ಕಂಠವು ನಿರಲಂಕಾರವೆಂದು ನಾವು ಬದಿಗಿರಿಸಿದ್ದೆವು. ಬಹುವರ್ಷಗಳ ಮೇಲೆ ಪುನಃ ಕೇಳಲಾಗಿ ಆ ನಿರ್ಣಯವು ದುಡುಕಿನದೆಂದು ತೋರಿತು. ‘ವಿಲ್ ಯು ಲವ್ ಮಿ ಟುಮಾರೊ’ ಎಂಬ ಗೀತವೇ ಇದಕ್ಕೆ ಪ್ರಮಾಣ. ಈ ಪ್ರೇಮವು ನಾಳೆಯೂ ಉಳಿದೀತೆ ಎಂಬುದೇ ಅದರ ಪ್ರಶ್ನೆ. ಗೆರ್ರಿ ಗಾಫಿನ್ ಅವರ ಪದಗಳಿಗೆ ಕಿಂಗ್ ಅವರೇ ಸ್ವರ ಸಂಯೋಜಿಸಿದ ಇದನ್ನು 1960ರಲ್ಲಿ ಷಿರೆಲ್ಸ್ ವೃಂದದ ತರುಣಿಯರು ಚುರುಕಾದ ಲಯದಲ್ಲಿ ಹಾಡಿದರು. ಅಲ್ಲಿ ಕೇಳುವವಳು ಮುಗ್ಧೆ. ಕಿಂಗ್ ಅವರು ಪಿಯಾನೋ ನುಡಿಸುತ್ತ ವಿಳಂಬದಲ್ಲಿ ಹಾಡುವಾಗ, ಉತ್ತರವನ್ನರಿತ ಪ್ರೌಢೆಯೇ ಕೇಳುವಂತಿದೆ. ಸಾಹಿತ್ಯವೊಂದೇ, ವ್ಯಂಗ್ಯವು ಬೇರೆ. ವಕ್ತೃವನ್ನೂ ಕಾಕುವನ್ನೂ ವ್ಯಂಜನೆಗೆ ಕಾರಣಗಳೆಂದು ಗಣಿಸಿದ ಮಮ್ಮಟನ ಮತಕ್ಕೆ ಇದು ಸ್ಫುಟವಾದ ಉದಾಹರಣೆ. ನಾವು ದೋಷವೆಂದೆಣಿಸಿದ್ದ ನಿರಲಂಕಾರತೆಯೇ ಇಲ್ಲಿ ಗುಣವಾಗಿದೆ. ಕಾವ್ಯದಂತೆ ಸಹೃದಯನೂ ಕಾಲದಿಂದ ಪಕ್ವವಾಗತಕ್ಕವನು.